ರೋಗದ ಕಡೆಯ ಸ್ಟೂಲು

ನನ್ನ ತರಗತಿಯಲ್ಲಿ ಎರಡು ಸ್ಟೂಲುಗಳಿದ್ದವು. ಒಂದು ಔಷಧಿಯದು, ಇನ್ನೊಂದು ರೋಗದ್ದು. ರೋಗದ ಸ್ಟೂಲಿನ ಒಂದು ಕಾಲು ಗಿಡ್ಡ. ಅದರ ಮೇಲೆ ಕೂತವಳು ಅಲುಗಾಡುತ್ತಲೇ ವಾದಿಸಬೇಕಿತ್ತು. ಬಡಿಗನನ್ನು ಕರೆಸಿ ಸರಿಮಾಡಿಸಿರೆಂದು ಹುಡುಗಿಯರು ಗೋಗರೆದರೂ ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ರೋಗದ ಪರವಾಗಿ ಮಾತಾಡುವವಳಿಗೆ ಆರಾಮಾಗಿ ಕೂಡುವ ಹಕ್ಕಿಲ್ಲ ಎಂದು ಹೇಳಿ ಬಾಯಿ ಮುಚ್ಚಿಸುತ್ತಿದ್ದೆ.

ಇದು ಪುಣೆಯಲ್ಲಿ, ಎರಡನೇ ಮಹಾಯುದ್ಧ ನಡೆದಾಗ ಮತ್ತು ಅದು ಮುಗಿದ ಮೇಲಿನ ಒಂದೆರಡು ವರ್ಷಗಳ ಮಾತು. ಪೇಟೆಯೊಳಗಿನ ಹೆಂಗಸರ ಧರ್ಮ ದವಾಖಾನೆಯೊಂದರಲ್ಲಿ ನಾನು ಕಂಪೌಂಡರ್ ಆಗಿದ್ದೆ. ಹುಟ್ಟಿದ್ದು ಧಾರವಾಡ. ಮದುವೆಯ ಸೀರೆಯ ಗಂಜಿ ಬಿಡುವ ಮೊದಲೇ ಬಳೆ ಒಡೆಸಿಕೊಂಡು ಅಣ್ಣನ ಬೆನ್ನು ಹಿಡಿದು ಈ ಊರಿಗೆ ಬಂದೆ. ಇಲ್ಲಿ ವಿಧವೆಯರಿಗೂ ಓದು ಕಲಿಸುವ ಜನ ಇದ್ದರು. ಓದಿದೆ, ಇಂಗ್ಲಿಷೂ ಕಲಿತೆ, ಔಷಧಿ ಕಲೆಸುವುದನ್ನೂ ಕಲಿತೆ. ಮಧ್ಯಾಹ್ನ ರೋಗಿಗಳೆಲ್ಲ ಹೋದ ಮೇಲೆ ಕಂಪೌಂಡರ್ ಪರೀಕ್ಷೆಗೆ ಕೂಡುವ ಹುಡುಗಿಯರಿಗೆ ಪಾಠ ಹೇಳುವ ಕೆಲಸವೂ ನನ್ನ ಕೊರಳಿಗೆ ಬಿತ್ತು. ಮರಾಠಿ ಹುಡುಗಿಯರು ನನ್ನನ್ನು 'ಬಾಯಿ' ಎನ್ನುತ್ತಿದ್ದರು. ಅವರ ಮಾತಿನಲ್ಲಿ ಅದು ಅಮ್ಮಾವರು ಎಂಬ ಗೌರವ. ನಮ್ಮ ಕಡೆಯ ಹುಡುಗಿಯರು ಎದುರಿಗೆ 'ಅಕ್ಕಾರ' ಎಂದು, ಹಿಂದಿನಿಂದ 'ಆ ಮರಾಠಿ ಹೆಸರೇ ಈಕಿಗೆ ಸರಿ' ಎಂದು ನಗುತ್ತಿದ್ದುದು ನನಗೆ ಗೊತ್ತಿಲ್ಲದ ಸಂಗತಿಯೇನಲ್ಲ.

ಅಳತೆ, ತೂಕ, ಮುಲಾಮು ಅರೆಯುವುದು, ಬಾಟಲಿಗೆ ಬೂಚು ಹಾಕುವುದು, ಇವನ್ನೆಲ್ಲ ಕೈ ಇದ್ದವರು ಕಲಿಯುತ್ತಾರೆ. ಕಲಿಸಲು ಕಷ್ಟವಾದದ್ದು ಒಂದೇ. ಅಚ್ಚಾದದ್ದನ್ನು ನಂಬದೆ ಇರುವುದು. ನಮ್ಮ ಜನ ಅಚ್ಚಿನ ಅಕ್ಷರ ಕಂಡರೆ ಕೈಮುಗಿಯುತ್ತಾರೆ. ಯುದ್ಧದಿಂದ ಒಳ್ಳೆಯ ಔಷಧಿಗಳ ಆಮದು ನಿಂತುಹೋಗಿತ್ತು, ಆ ಜಾಗ ತುಂಬಲು ಬಣ್ಣದ ನೀರಿನ ಬಾಟಲಿಗಳು ಪೈಪೋಟಿಯ ಮೇಲೆ ಬರುತ್ತಿದ್ದವು. ಪ್ರತಿಯೊಂದರ ಜೊತೆಗೂ ಒಂದು ಚೀಟಿ. ಅದೇ ಔಷಧಿ ಕೆಮ್ಮಿಗೂ ಆಗುತ್ತದೆ, ಮುಟ್ಟಿನ ನೋವಿಗೂ ಆಗುತ್ತದೆ, ತಲೆ ನೆರೆಯುವುದಕ್ಕೂ ಆಗುತ್ತದೆ. ಕೆಳಗೆ ಯಾರೋ ಒಬ್ಬ ರಾವ್‌ಬಹಾದ್ದೂರರ ಮೆಚ್ಚುಗೆ. ನನ್ನ ಹುಡುಗಿಯರು ಅದನ್ನು ಮಂತ್ರದ ಹಾಗೆ ಒಪ್ಪಿಸುತ್ತಿದ್ದರು. ಬೈದೆ, ಕಿವಿ ಹಿಂಡಿದೆ, ದಪ್ಪ ಇಂಗ್ಲಿಷ್ ಔಷಧಿ ಪುಸ್ತಕವನ್ನು ಎತ್ತಿ ಮೇಜಿನ ಮೇಲೆ ಕುಕ್ಕಿದೆ. ಉಪಯೋಗವಾಗಲಿಲ್ಲ. ಆಮೇಲೆ ಒಂದು ದಿನ ಸಿಟ್ಟಿನ ಭರದಲ್ಲೇ ಈ ಸ್ಟೂಲಿನ ಆಟ ಹೊಳೆಯಿತು.

ಆಟ ಹೀಗೆ. ಒಬ್ಬಳು ಔಷಧಿಯ ಸ್ಟೂಲಿನ ಮೇಲೆ ಕೂತು ಔಷಧಿಯ ಪರ ಹೇಳಬೇಕು. ಎದುರಿನವಳು ರೋಗದ ವಕೀಲಳು. ಅವಳು ರೋಗದ ಬಾಯಿಂದಲೇ ಕೇಳಬೇಕು. ಇದನ್ನು ಬರೆದವರು ಯಾರು, ಮಾರುವವರೋ, ಕೊಟ್ಟು ನೋಡಿದವರೋ? ನಾನು ತಾನಾಗಿ ಹೊರಡುವ ಹೊತ್ತಿಗೆ ನೀನು ಬಂದೆಯೋ, ನಿನ್ನಿಂದಲೇ ನಾನು ಹೊರಟೆನೋ? ಗುಣವಾಗದವರನ್ನು ಎಲ್ಲಿ ಮುಚ್ಚಿಟ್ಟಿರಿ? ಉತ್ತರ ಬಾಯಿಪಾಠದಿಂದ ಹೇಳುವಂತಿಲ್ಲ. ಪುಸ್ತಕ ತೆಗೆದು, ಪುಟ ತೋರಿಸಿ ಹೇಳಬೇಕು. ಸೋತವಳು ಎದ್ದು ನಿಂತು 'ಸೋತೆ' ಎನ್ನಬೇಕು. ಔಷಧಿ ಗೆದ್ದರೆ ಮಾತ್ರ ಕಪಾಟಿನ ಮೇಲಿನ ಬರಣಿ ಕೆಳಗಿಳಿಯುತ್ತಿತ್ತು. ಅದರಲ್ಲಿ ಶೇಂಗಾ, ಬೆಲ್ಲ ಇಡುತ್ತಿದ್ದೆ. ಎಲ್ಲರಿಗೂ ಹಂಚುವುದು.

ಬರಣಿ ಇಳಿದದ್ದು ಅಪರೂಪ. ಮಲೇರಿಯಾದ ವಿರುದ್ಧ ಕ್ವಿನೈನ್ ಗೆದ್ದಾಗ ಇಳಿಯಿತು. ಹೊಸ ಸಲ್ಫಾ ಗುಳಿಗೆ ಬಂದಾಗ ಇಳಿಯಿತು. ಉಳಿದಂತೆ ರೋಗವೇ ಗೆಲ್ಲುತ್ತಿತ್ತು, ಬರಣಿಯ ಬೆಲ್ಲ ಮಳೆಗಾಲದಲ್ಲಿ ಕರಗಿ ಶೇಂಗಾಕ್ಕೆ ಅಂಟಿಕೊಳ್ಳುತ್ತಿತ್ತು. 'ಬಾಯಿ, ಒಂದಾದರೂ ಖರೆ ಔಷಧಿ ತರಬಾರದೇ, ಹಸಿವಾಗಿದೆ' ಎಂದು ಮರಾಠಿ ಹುಡುಗಿಯರು ಗೋಳಾಡುತ್ತಿದ್ದರು.

ರೋಗದ ವಕೀಲಿಯಲ್ಲಿ ಎಲ್ಲರನ್ನೂ ಮೀರಿಸಿದವಳು ಊರಾಚೆಯ ಖಡಕಿಯಿಂದ ಬರುತ್ತಿದ್ದ ಹುಡುಗಿ. ಅವಳ ಅಪ್ಪ ಅಲ್ಲಿನ ಮಿಲಿಟರಿ ಕಚೇರಿಯೊಂದರಲ್ಲಿ ಕಾರಕೂನ. ಬೆಳಗಾವಿ ಕಡೆಯ ಲಿಂಗವಂತರು. ಹುಡುಗಿ ಎಲುಬಿನ ಹಂದರ, ಮೂಗು ಮಾತ್ರ ಚೂಪು, ನಾಲಗೆ ಅದಕ್ಕಿಂತ ಚೂಪು. ತರಗತಿ ಮರಾಠಿಯಲ್ಲಿ ನಡೆಯುತ್ತಿದ್ದರೂ ವಾದಕ್ಕೆ ಬಿದ್ದರೆ ಅವಳು ಕನ್ನಡಕ್ಕೆ ಜಾರುತ್ತಿದ್ದಳು, ನಾನೂ ಜಾರುತ್ತಿದ್ದೆ. ಒಮ್ಮೆ ಜ್ವರದ ಯಾವುದೋ ಕಷಾಯದ ಚೀಟಿಗೆ ಅವಳು ಹೇಳಿದ್ದು ನನಗೆ ಇನ್ನೂ ನೆನಪಿದೆ.

"ನಾ ಗಂಟು ಕಟ್ಟಿ ಹೊಚ್ಚಲದಾಗ ನಿಂತಿದ್ದೆ. ಈಕಿ ಬಂದು ಬರೇ ಬಾಗಲಾ ತಗದಳು. ಈಗ ನೋಡಿದ್ರ, ನಾನ ಹೊರಗ ಹಾಕಿದೆ ಅಂತ ಊರ ತುಂಬ ಡಂಗುರಾ ಹೊಡೀತಾಳ!"

ಅದನ್ನು ಮರಾಠಿಗೆ ತಿರುಗಿಸಿ ಹೇಳುವಷ್ಟರಲ್ಲಿ ನನಗೇ ನಗು ತಡೆಯಲಾಗಲಿಲ್ಲ. ನಗುವುದು ನನ್ನ ಸ್ವಭಾವವಲ್ಲವೆಂದು ಊರಿಗೆಲ್ಲ ಗೊತ್ತು.

ಯುದ್ಧ ಮುಗಿದ ವರ್ಷದ ಮಳೆಗಾಲದಿಂದ ಆ ಹುಡುಗಿ ತಾನೇ ಚೀಟಿಗಳನ್ನು ತರತೊಡಗಿದಳು. ಒಂದು ದಿನ ಎದೆಗೆ ಹಚ್ಚುವ ಎಣ್ಣೆಯದು, ಇನ್ನೊಂದು ದಿನ ಯಾವುದೋ ಭಸ್ಮದ್ದು, ಮತ್ತೊಂದು ದಿನ ಬಂಗಾರ ಕರಗಿಸಿದ ಸೂಜಿಮದ್ದಿನದು. ಎಲ್ಲವೂ ಕ್ಷಯದವು. ಬೇರೆಯವಳನ್ನು ಔಷಧಿಯ ಸ್ಟೂಲಿನ ಮೇಲೆ ಕೂಡಿಸಿ, ತಾನು ರೋಗವಾಗಿ ಕೂತು ಒಂದೊಂದನ್ನೂ ಸೀಳಿ ಹಾಕುತ್ತಿದ್ದಳು. ಮೊದಲಿನ ಚೇಷ್ಟೆ ಇರಲಿಲ್ಲ. ಹಲ್ಲು ಕಚ್ಚಿ ಕೇಳುತ್ತಿದ್ದಳು, ಗೆದ್ದ ಮೇಲೆ ನಗುತ್ತಿರಲಿಲ್ಲ. ಒಂದು ದಿನ ಎದುರಿಗೆ ಕೂತ ಹುಡುಗಿಯನ್ನು ಅಳಿಸಿಯೇ ಬಿಟ್ಟಳು. ತರಗತಿ ಮುಗಿದ ಮೇಲೆ ಅವಳನ್ನು ನಿಲ್ಲಿಸಿಕೊಂಡು ನಾಲ್ಕು ಮಾತು ಬೈದೆ. ಆಗ ಹೇಳಿದಳು.

"ನಮ್ಮ ತಂಗೀಗೆ ಆಗೇತ್ರಿ, ಅಕ್ಕಾರ. ಈ ಚೀಟಿ ಎಲ್ಲಾ ಮಂದಿ ನಮ್ಮವ್ವಗ ತಂದ್ಕೊಟ್ಟಾವ್ರಿ. ಅವ್ವ ದಿನಾ ಕೇಳ್ತಾಳ, ಇದನ್ನ ತರೂನು ಏನವಾ ಅಂತ. ನಾ ದಿನಾ ಬ್ಯಾಡಂತ ಹೇಳಬೇಕ್ರಿ."

ಅವಳ ತಂಗಿಗೆ ಹದಿನಾರೋ ಹದಿನೇಳೋ. ಮ್ಯಾಟ್ರಿಕ್ ಓದುತ್ತಿದ್ದವಳು. ಕೆಮ್ಮಿನಲ್ಲಿ ರಕ್ತ ಬಂದು ಶಾಲೆ ಬಿಡಿಸಿದ್ದರು. ಆ ಕಾಲದಲ್ಲಿ ಕ್ಷಯಕ್ಕೆ ಹಾಲು, ತತ್ತಿ, ಮೀನೆಣ್ಣೆ, ಗಾಳಿ, ಮಲಗಿರುವುದು. ಇಷ್ಟೇ. ದವಾಖಾನೆಯಲ್ಲಿ ಕ್ಷಯದ ಹೆಂಗಸರು ಬಂದರೆ ಸಿಹಿ ಮಿಕ್ಸ್ಚರ್ ಕಲೆಸಿ ಕೊಡುತ್ತಿದ್ದೆ. ಅದರಿಂದ ಏನೂ ಆಗುವುದಿಲ್ಲವೆಂದು ಡಾಕ್ಟರಿಗೂ ಗೊತ್ತು, ನನಗೂ ಗೊತ್ತು, ಬಹುಶಃ ಕುಡಿಯುವವರಿಗೂ ಗೊತ್ತಿತ್ತು. ಆ ಹುಡುಗಿಯ ಬೆನ್ನ ಮೇಲೆ ಕೈಯಿಟ್ಟೆ.

ಪುಣೆಯ ದಂಡು ಪ್ರದೇಶವಾದ ಕ್ಯಾಂಪಿನಲ್ಲಿ ಒಬ್ಬ ಮುದುಕ ಪಾರ್ಸಿ ಡಾಕ್ಟರು ಇದ್ದರು. ಕೆಲಸ ಬಿಟ್ಟಿದ್ದರು, ಓದುವುದನ್ನು ಬಿಟ್ಟಿರಲಿಲ್ಲ. ಹಡಗಿನಲ್ಲಿ ಬರುವ ಇಂಗ್ಲಿಷ್ ವೈದ್ಯಪತ್ರಿಕೆಗಳನ್ನು ತರಿಸುತ್ತಿದ್ದರು. ನನ್ನ ಹುಡುಗಿಯರು ಅವರ ಪಡಸಾಲೆಯಲ್ಲಿ ಕೂತು ಓದಬಹುದೆಂದು ಒಪ್ಪಿಗೆ ಕೊಟ್ಟಿದ್ದರು. ಹುಡುಗಿಯರು ಹೋಗುತ್ತಿದ್ದುದು ಹೆಚ್ಚಾಗಿ ಅವರ ಮನೆಯ ಬಿಸ್ಕತ್ತಿಗೆ. ಖಡಕಿಯವಳು ಮಾತ್ರ ಓದಲು ಹೋಗುತ್ತಿದ್ದಳು. ಹುಡುಕುವುದನ್ನು ನಾನೇ ಕಲಿಸಿದ್ದೆ. ವರ್ಷದ ಕೊನೆಯ ಸೂಚಿಯನ್ನು ಹೇಗೆ ನೋಡಬೇಕು, ಒಂದು ಲೇಖನದ ಅಡಿಟಿಪ್ಪಣಿ ಹಿಡಿದು ಇನ್ನೊಂದಕ್ಕೆ ಹೇಗೆ ಹೋಗಬೇಕು, ಮೊದಲು ತಲೆಬರಹ ಬಿಟ್ಟು ಕಡೆಯ ಪುಟ ಓದಬೇಕು, ಯಾಕೆಂದರೆ ಪ್ರಾಮಾಣಿಕರು ತಮ್ಮ ಸಂಶಯಗಳನ್ನು ಅಲ್ಲಿ ಇಟ್ಟಿರುತ್ತಾರೆ. ಅವಳು ಇದನ್ನೆಲ್ಲ ನನಗಿಂತ ಚೆನ್ನಾಗಿ ಮಾಡುತ್ತಿದ್ದಳು, ಅದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ಹೆಮ್ಮೆ ಪಡುತ್ತಿದ್ದೆ.

ಚಳಿ ಬಿದ್ದ ಮೇಲೆ ಒಂದು ಮಧ್ಯಾಹ್ನ ಅವಳು ತರಗತಿಗೆ ತಡವಾಗಿ ಬಂದಳು. ಕೈಯಲ್ಲಿ ಕಾಗದಗಳ ಸುರುಳಿ. ಪತ್ರಿಕೆಯಿಂದ ತನ್ನ ಅಕ್ಷರದಲ್ಲಿ ನಕಲು ಮಾಡಿಕೊಂಡು ಬಂದದ್ದು. ಯಾವತ್ತೂ ಕೂಡದವಳು ನೇರ ಹೋಗಿ ಔಷಧಿಯ ಸ್ಟೂಲಿನ ಮೇಲೆ ಕೂತಳು.

"ಅಕ್ಕಾರ, ಇವತ್ತ ರೋಗದ ಕಡೆ ನೀವ ಕೂಡ್ರಿ. ಬ್ಯಾರೆ ಯಾರೂ ಬ್ಯಾಡ."

ಕೂತೆ. ಸ್ಟೂಲು ಅಲುಗಾಡಿತು. ಹುಡುಗಿಯರು ಕಿಸಕ್ಕೆಂದರು. ಅಮೇರಿಕೆಯಲ್ಲಿ ಕಂಡುಹಿಡಿದ ಹೊಸ ಔಷಧಿ, ಹೆಸರು ಸ್ಟ್ರೆಪ್ಟೊಮೈಸಿನ್, ಮಣ್ಣಿನಲ್ಲಿರುವ ಒಂದು ಸೂಕ್ಷ್ಮಜೀವಿಯಿಂದ ತೆಗೆಯುತ್ತಾರೆ, ಕ್ಷಯದ ಮೇಲೆ ನಡೆಯುತ್ತದೆ ಎಂದಳು. ನನಗೆ ಅವಳ ಮೇಲೆ ಮರುಕವಾಯಿತು. ಎಷ್ಟು ಚೂಪು ಹುಡುಗಿ, ಕೊನೆಗೆ ಇವಳೂ ಆಸೆಗೆ ಬಿದ್ದಳಲ್ಲ ಎಂದುಕೊಂಡೆ. ಮೆಲ್ಲಗೆ ಸೋಲಿಸಿ ಮನೆಗೆ ಕಳಿಸಬೇಕು ಎಂದು ಮನಸ್ಸಿನಲ್ಲಿ ಮಾಡಿಕೊಂಡು ಶುರುಮಾಡಿದೆ.

"ಇದನ್ನ ಬರದವರು ಮಾರೋರೇನು?"

"ಅಲ್ರಿ. ದವಾಖಾನಿಯೊಳಗ ಕೊಟ್ಟು ನೋಡಿದ ಡಾಕ್ಟರ್‌ಗೋಳು."

"ಹಾಲು, ಗಾಳಿ, ವಿಶ್ರಾಂತಿಯಿಂದ ನಾ ಹೊಂಟಿದ್ದೆ. ಇದು ನಡುವ ಬಂದು ಹೆಸರು ತೊಗೊಂಡದ."

"ಇಲ್ರಿ. ಅವೆಲ್ಲಾ ಕೊಟ್ಟು, ಕೈಚೆಲ್ಲಿದ ಮ್ಯಾಲೆ ಇದನ್ನ ಕೊಟ್ಟಾರ. ಮೊದಲಿನ ಎಕ್ಸ್‌ರೇ ಐತಿ, ಆಮ್ಯಾಲಿಂದೂ ಐತಿ. ಮೊದಲ ಗಿನಿಪಿಗ್ ಅಂತಾರಲ್ರಿ, ಆ ಹಂದಿ-ಇಲಿಗೋಳ ಮ್ಯಾಲೂ ನೋಡ್ಯಾರ. ಕೊಟ್ಟ ಇಲಿ ಬದುಕ್ಯಾವ, ಕೊಡದವು ಸತ್ತಾವ."

"ಗುಣ ಆಗದವರನ್ನ ಎಲ್ಲಿ ಮುಚ್ಚಿಟ್ಟಾರ?"

ಅವಳು ಕಾಗದ ತಿರುವಿದಳು.

"ಮುಚ್ಚಿಟ್ಟಿಲ್ರಿ. ಕೆಲವರಿಗೆ ಆಗಿಲ್ಲ, ಅದನ್ನೂ ಬರದಾರ. ಕೆಲವರಿಗೆ ತಲಿ ತಿರಿಗೇತಿ, ಕಿವಿ ಮಂದ ಆಗೇತಿ, ಅದೂ ಐತಿ. ಇನ್ನೂ ಭಾಳ ನೋಡಬೇಕು, ಈಗ ಡಂಗುರಾ ಹೊಡೀಬ್ಯಾಡ್ರಿ ಅಂತ ಅವರ ಬರದಾರ. ಕಡೀ ಪುಟದಾಗ."

ಕಾಗದವನ್ನು ಅವಳ ಕೈಯಿಂದ ತೆಗೆದುಕೊಂಡು ನಾನೇ ಓದಿದೆ. ಮೇಲಿಂದ ಓದಿದೆ, ಕೆಳಗಿಂದ ಓದಿದೆ. ಹುಡುಗಿಯರು ಬರಣಿಯ ಕಡೆ ನೋಡಲು ಶುರುಮಾಡಿದ್ದರು. ಇಷ್ಟು ವರ್ಷ ಸುಳ್ಳು ಹಿಡಿಯುವುದನ್ನು ಕಲಿಸಿದ ನನಗೆ ಆ ಕಾಗದದಲ್ಲಿ ಸುಳ್ಳು ಸಿಗಲಿಲ್ಲ. ಬರೆದವರು ತಮ್ಮ ಔಷಧಿಯನ್ನು ಹೊಗಳಿರಲೇ ಇಲ್ಲ. ಅದರಿಂದಲೇ ನನಗೆ ಖಾತ್ರಿಯಾಯಿತು. ಎದ್ದು ನಿಂತು 'ಸೋತೆ' ಎಂದೆ.

ಹುಡುಗಿಯರು ಚಪ್ಪಾಳೆ ಹೊಡೆದರು. ಒಬ್ಬಳು ಬರಣಿಗೆ ಕೈಚಾಚಿದಳು. ಖಡಕಿಯವಳು ಮಾತ್ರ ಸ್ಟೂಲಿನಿಂದ ಏಳಲಿಲ್ಲ.

"ಇನ್ನೊಮ್ಮೆ ಕೇಳ್ರಿ, ಅಕ್ಕಾರ. ಏನರ ಬಿಟ್ಟಿರಬೇಕು ನೀವು."

"ಏನೂ ಬಿಟ್ಟಿಲ್ಲವಾ. ಖರೇನ ಅದ."

"ಇದು ಇಲ್ಲಿ ಸಿಗೂದಿಲ್ಲಂತ್ರಿ. ಮುಂಬೈದಾಗೂ ಇಲ್ಲಂತ. ಅಜ್ಜಾರನ್ನ ಕೇಳೇ ಬಂದೀನಿ." ಅಜ್ಜಾರು ಎಂದರೆ ಕ್ಯಾಂಪಿನ ಆ ಡಾಕ್ಟರು. "ಸುಳ್ಳ ಆಗಿದ್ರ ಛಲೋ ಇತ್ತ್ರಿ. ಸುಳ್ಳ ಅಂತ ಹೇಳ್ತೀರಿ ಅಂತನ ನಿಮ್ಮನ್ನ ಕೂಡಿಸಿದೆ."

ಬರಣಿಗೆ ಕೈಚಾಚಿದ ಹುಡುಗಿಗೆ ಕನ್ನಡ ಬರುತ್ತಿರಲಿಲ್ಲ. ಆದರೂ ಏನೋ ತಿಳಿದು ಕೈ ಹಿಂದಕ್ಕೆ ತೆಗೆದುಕೊಂಡಳು. ಆ ದಿನ ಶೇಂಗಾ ಹಂಚಲಿಲ್ಲ.

ಆಮೇಲೆ ನಾವು ಸುಮ್ಮನೆ ಕೂಡಲಿಲ್ಲ. ಕ್ಯಾಂಪಿನ ಔಷಧಿ ಅಂಗಡಿಯವರು ಮುಂಬೈಗೆ ಬರೆದರು. ಡಾಕ್ಟರು ತಮ್ಮ ಜೊತೆ ಓದಿ ಅಮೇರಿಕೆಯಲ್ಲಿ ನೆಲೆನಿಂತ ಸ್ನೇಹಿತರಿಗೆ ಬರೆದರು. ನಾನು ಕಚೇರಿ ಕಚೇರಿ ಅಲೆದು, ಕುರ್ಚಿಯಲ್ಲಿ ಕೂತವರ ಮುಂದೆ ನಿಂತು, ನನಗೆ ಒಗ್ಗದ ಮೆತ್ತನೆ ದನಿಯಲ್ಲಿ ಮಾತಾಡಿದೆ. ಎಲ್ಲೆಡೆಯೂ ಒಂದೇ ಉತ್ತರ. ಔಷಧಿ ಅಲ್ಲಿಯವರಿಗೇ ಸಾಲದು, ತೂಗಿ ಹಂಚುತ್ತಿದ್ದಾರೆ, ಹೊರಗೆ ಕಳಿಸುವುದಿಲ್ಲ. ಒಬ್ಬ ಅಧಿಕಾರಿ ನಾನು ತೋರಿಸಿದ ಕಾಗದ ಓದಿ, 'ಇಷ್ಟೆಲ್ಲ ನಿಮಗೆ ಹೇಗೆ ಗೊತ್ತಾಯಿತು' ಎಂದು ಕೇಳಿದ. ನನ್ನ ವಿದ್ಯಾರ್ಥಿನಿ ಹುಡುಕಿದಳು ಎಂದೆ. 'ಜಾಣೆ' ಎಂದ. ಆ ಮಾತನ್ನು ತೆಗೆದುಕೊಂಡು ಯಾವ ರೋಗಿಗೆ ಕುಡಿಸಲಿ? ಅವನ ಮುಖದ ಮೇಲೆಯೇ ಹಾಗೆಂದು ಹೊರಟು ಬಂದೆ.

ಹೋಳಿ ಮುಗಿದ ಮೇಲೆ ಒಂದು ಭಾನುವಾರ ಖಡಕಿಗೆ ಹೋದೆ. ತಂಗಿಯ ಮಂಚವನ್ನು ಗಾಳಿಗೆಂದು ಹಿಂದಿನ ಪಡಸಾಲೆಯಲ್ಲಿ ಹಾಕಿದ್ದರು. ಹಿತ್ತಲಲ್ಲಿ ಒಂದು ಬೇವಿನ ಗಿಡ, ಅದರ ಬುಡದಲ್ಲಿ ಮೂರು ಇಟ್ಟಿಗೆಯ ಒಲೆ. ತಾಯಿ ಮೂಗಿಗೆ ಸೆರಗು ಹಿಡಿದು ಅಲ್ಲಿ ತತ್ತಿ ಬೇಯಿಸುತ್ತಿದ್ದಳು. ಹುಟ್ಟಿದಾಗಿನಿಂದ ತತ್ತಿಯನ್ನು ಕಣ್ಣೆತ್ತಿಯೂ ನೋಡದ ಹೆಂಗಸು. ದಿನವೂ ಬೇಯಿಸಿ, ತಲೆಯ ಮೇಲೆ ನೀರು ಹಾಕಿಕೊಂಡು, ಮತ್ತೆ ವಿಭೂತಿ ಹಚ್ಚಿಕೊಂಡು ಒಳಗೆ ಹೋಗುತ್ತಿದ್ದಳಂತೆ.

"ಅವ್ವ ಬರೇ ಮುಟ್ಟಿದ್ದಕ್ಕ ಜಳಕಾ ಮಾಡ್ತಾಳ್ರಿ," ಎಂದಳು ಮಂಚದ ಮೇಲಿನ ಹುಡುಗಿ. "ನಾ ತಿಂತೀನಿ. ನಾ ಏನ ಕಾಶೀಗೆ ಹೋಗಬೇಕೇನ್ರಿ?"

ಅಕ್ಕನಿಗಿಂತ ಚೆಲುವೆ. ಕೆನ್ನೆಯಲ್ಲಿ ಆ ರೋಗದ ಕೆಂಪು ಬೇರೆ. ನನ್ನನ್ನು ಹತ್ತಿರ ಕೂಡಲು ಬಿಡಲಿಲ್ಲ, ದೂರದ ಮಣೆ ತೋರಿಸಿದಳು. ನಾನು ಮಣೆ ಎಳೆದುಕೊಂಡು ಹತ್ತಿರವೇ ಕೂತೆ.

"ಆ ಔಷಧ ಖರೇನ ಐತೇನ್ರಿ? ಅಕ್ಕ ಐತಿ ಅಂತಾಳ. ನೀವು ಓದೀರಿ?"

"ಓದೀನಿ. ಖರೇ ಅದ."

"ಮಣ್ಣಾಗಿಂದ ತಗೀತಾರಂತ?"

"ಹೌದು."

ಅವಳು ಹಿತ್ತಲ ಕಡೆ ತಲೆ ಹೊರಳಿಸಿದಳು. ಬೇವಿನ ಬುಡ, ಒಲೆಯ ಬೂದಿ, ಬಚ್ಚಲ ನೀರಿನಿಂದ ಒದ್ದೆಯಾದ ಕರಿ ನೆಲ.

"ನಮ್ಮ ಹಿತ್ತಲದ ಮಣ್ಣಾಗ ಇರಬಾರದೇನ್ರಿ?"

"ಇರಬಹುದವಾ. ಆದರ ತಗಿಯಾಕ ನಮಗ ಬರೂದಿಲ್ಲ."

"ಹಂಗಾದ್ರ ಭಾಳ ದೂರ ಇಲ್ಲ ಅಂದಂಗಾತು," ಎಂದು ನಕ್ಕಳು. ನಗು ಕೆಮ್ಮಾಯಿತು. ಅಕ್ಕ ಒಳಗಿನಿಂದ ಓಡಿಬಂದು ಬಟ್ಟಲು ಹಿಡಿದಳು.

ಹೊರಡುವಾಗ ತಾಯಿ ಬಾಗಿಲ ತನಕ ಬಂದಳು. ಒದ್ದೆ ಕೂದಲು, ಹಣೆಯ ಮೇಲೆ ಆಗಷ್ಟೇ ಹಚ್ಚಿದ ವಿಭೂತಿ. ಜಗಳದ ದನಿಯಲ್ಲಿ ಮಾತಾಡಲಿಲ್ಲ. ಅಕ್ಕಿಯ ಬೆಲೆ ಕೇಳುವ ಹಾಗೆ ಕೇಳಿದಳು.

"ಇದನ್ನ ಹುಡುಕೂದು ಯಾಕ ಕಲಿಸಿದ್ರಿ, ಅಕ್ಕಾರ? ಎಲ್ಲಾರ ಮನ್ಯಾಗೂ ಹಿಂಗಾದಾಗ ಶಿವನ ಇಚ್ಛಾ ಅಂತಾರ, ಅತ್ತು ಸುಮ್ಮನಾಗ್ತಾರ. ನಾ ಏನನ್ಲಿ? ಹಡಗ ಬರಲಿಲ್ಲ ಅನ್ಲೇನು?"

ನನಗೆ ಯಾವ ಮಾತಿಗೂ ಉತ್ತರ ಕೊಡುವ ರೂಢಿ. ಎದುರಾಡದಿದ್ದರೆ ಉಂಡದ್ದು ಜೀರ್ಣವಾಗುವುದಿಲ್ಲವೆಂದು ಅಣ್ಣ ಅಣಕಿಸುತ್ತಿದ್ದ. ಆ ಹೆಂಗಸಿಗೆ ಮಾತ್ರ ಕೈಮುಗಿದು ಸ್ಟೇಷನ್ನಿನ ದಾರಿ ಹಿಡಿದೆ. ಹುಡುಕುವುದನ್ನು ಕಲಿಸಿದ್ದು ತಪ್ಪೆಂದು ನಾನು ಒಪ್ಪುವುದಿಲ್ಲ, ಇನ್ನೊಮ್ಮೆ ಹುಟ್ಟಿದರೂ ಕಲಿಸುತ್ತೇನೆ. ಆದರೆ ಆ ತಾಯಿ ಹೇಳಿದ್ದೂ ಸುಳ್ಳಲ್ಲ. ದೇವರ ಮೇಲೆ ಹಾಕಿ ಹಗುರಾಗುವ ದಾರಿಯನ್ನು ನಮ್ಮ ಓದು ಆ ಮನೆಗೆ ಮುಚ್ಚಿಬಿಟ್ಟಿತ್ತು.

ಮೃಗಶಿರದ ಮಳೆ ಶುರುವಾದಾಗ ತಂಗಿ ಹೋದಳು. ಅವರಲ್ಲಿ ಹೂಳುವ ಪದ್ಧತಿ, ಹೆಂಗಸರೂ ಮಣ್ಣಿಗೆ ಹೋಗುತ್ತಾರೆ. ನಾನೂ ಹೋದೆ. ಕುಣಿಯ ಸುತ್ತ ನೆಲವೆಲ್ಲ ಕೆಸರು. ಒಬ್ಬೊಬ್ಬರಾಗಿ ಒಂದು ಹಿಡಿ ಮಣ್ಣು ಹಾಕಿ ಸರಿಯುತ್ತಿದ್ದರು. ಅಕ್ಕನ ಸರದಿ ಬಂದಾಗ ಅವಳು ಬಗ್ಗಿ ಮಣ್ಣು ತೆಗೆದುಕೊಂಡವಳು ಹಾಕಲಿಲ್ಲ. ಅಂಗೈಯಲ್ಲಿ ಹಿಡಿದು ನೋಡುತ್ತ ನಿಂತುಬಿಟ್ಟಳು. ಯಾವುದೋ ಸೋದರಮಾವ, 'ಹಾಕವಾ, ಮಳಿ ಬರ್ತೈತಿ' ಎಂದ. ಆಕೆ ಏನು ನೋಡುತ್ತಿದ್ದಾಳೆಂದು ಅಲ್ಲಿ ನನಗೊಬ್ಬಳಿಗೆ ಗೊತ್ತಿತ್ತು. ಹೋಗಿ ಅವಳ ಬೆರಳು ಬಿಡಿಸಿದೆ. ಮಣ್ಣು ಕೆಳಗೆ ಬಿತ್ತು. ಆಗ ನಾನು ಅತ್ತೆ. ನನ್ನ ಗಂಡ ಸತ್ತಾಗಲೂ ಹಾಗೆ ಅತ್ತಿರಲಿಲ್ಲ, ಅಂದು ನಾನು ಇನ್ನೂ ಏನೂ ತಿಳಿಯದ ಹುಡುಗಿ.

ಅವಳು ತರಗತಿಗೆ ಮರಳಿದಳು, ಪರೀಕ್ಷೆ ಕಟ್ಟಿದಳು, ಪಾಸಾದಳು. ನಮ್ಮ ದವಾಖಾನೆಯಲ್ಲೇ ಕಂಪೌಂಡರ್ ಆಗಿ ನಿಂತಳು. ಆದರೆ ಸ್ಟೂಲಿನ ಹತ್ತಿರ ಸುಳಿಯಲಿಲ್ಲ. ಹೊಸ ಹುಡುಗಿಯರು ಆಟಕ್ಕೆ ಕೂತರೆ ಅವಳು ಒಳಗೆ ಹೋಗಿ ಬಾಟಲಿ ತೊಳೆಯುತ್ತಿದ್ದಳು. ತೊಳೆದ ಬಾಟಲಿಗಳನ್ನೇ ಮತ್ತೆ ತೊಳೆಯುವ ಸದ್ದು ಕೇಳಿಸುತ್ತಿತ್ತು. ನಾನು ಒತ್ತಾಯ ಮಾಡಲಿಲ್ಲ. ಕ್ಯಾಂಪಿನ ಪಡಸಾಲೆಗೆ ಹೋಗುವುದನ್ನೂ ಬಿಟ್ಟಿದ್ದಳು. 'ನಿನ್ನ ಜಾಣೆ ಎಲ್ಲಿ' ಎಂದು ಡಾಕ್ಟರು ಕೇಳಿದರೆ, ಕೆಲಸ ಬಹಳ ಎಂದು ನಾನು ಏನೋ ಒಂದು ಹೇಳಿ ಬರುತ್ತಿದ್ದೆ.

ಮರುವರ್ಷ ಸ್ವಾತಂತ್ರ್ಯ ಬಂತು. ದವಾಖಾನೆಯ ಮೇಲೂ ಬಾವುಟ ಹಾರಿತು, ಪೇಢೆ ಹಂಚಿದರು. ದೀಪಾವಳಿ ಕಳೆದ ಮೇಲೆ ಒಂದು ದಿನ, ಕ್ಷಯಕ್ಕೆ ನಮ್ಮಲ್ಲಿ ತೋರಿಸಿಕೊಳ್ಳುತ್ತಿದ್ದ ಒಬ್ಬ ಹೆಂಗಸಿನ ಮೈದುನ ಒಂದು ಸಣ್ಣ ರಟ್ಟಿನ ಪೆಟ್ಟಿಗೆ ಹಿಡಿದು ಬಂದ. ಪರದೇಶದಲ್ಲಿರುವ ನೆಂಟರು ಹೇಗೋ ಸಂಪಾದಿಸಿ ಕಳಿಸಿದ್ದು. ಒಳಗೆ ಹತ್ತಿಯಲ್ಲಿ ಸುತ್ತಿದ ಗಾಜಿನ ಕುಪ್ಪಿಗಳು, ತಳದಲ್ಲಿ ಬಿಳಿ ಪುಡಿ. ಮೇಲಿನ ಹೆಸರು ಓದಿದೆ, ಸ್ಟ್ರೆಪ್ಟೊಮೈಸಿನ್. ಒಳಗೆ ಬಾಟಲಿ ತೊಳೆಯುವ ಸದ್ದು ನಿಂತಿತ್ತು. ಅವಳು ಬಾಗಿಲಲ್ಲಿ ನಿಂತಿದ್ದಳು.

ಪೆಟ್ಟಿಗೆಯೊಳಗಿನ ಚೀಟಿಯನ್ನು ತಾನೇ ಬಿಡಿಸಿದಳು. ನಿಂತಲ್ಲೇ ಓದಿದಳು, ಮೊದಲು ಕಡೆಯ ಪುಟ, ಆಮೇಲೆ ಮೊದಲನೆಯದು. ನಂತರ ಹೊಸ ಹುಡುಗಿಯರಲ್ಲಿ ಒಬ್ಬಳಿಗೆ, ಹುಬ್ಬಳ್ಳಿ ಕಡೆಯವಳು, ಅದನ್ನು ಕೊಟ್ಟು ಔಷಧಿಯ ಸ್ಟೂಲಿನ ಮೇಲೆ ಕೂಡಿಸಿದಳು. ಹಳೆಯ ಪತ್ರಿಕೆಯ ನಕಲನ್ನೂ ಎಲ್ಲಿಂದಲೋ ತೆಗೆದು ಅವಳ ತೊಡೆಯ ಮೇಲಿಟ್ಟಳು. ತಾನು ಹೋಗಿ ಗಿಡ್ಡ ಕಾಲಿನ ಸ್ಟೂಲಿನ ಮೇಲೆ ಕೂತಳು.

ಒಂದನ್ನೂ ಬಿಡದೆ ಕೇಳಿದಳು. ಬರೆದವರು ಯಾರು. ನಾನು ತಾನಾಗಿ ಹೊರಟಿದ್ದೆನೋ. ಗುಣವಾಗದವರು ಎಲ್ಲಿ. ಕಿವಿ ಮಂದವಾದವರು ಎಲ್ಲಿ. ಎದುರಿನ ಹುಡುಗಿ ಪುಟ ಹುಡುಕಿ ಹುಡುಕಿ ಉತ್ತರ ಕೊಟ್ಟಳು, ತೊದಲಿದರೂ ಸರಿಯಾಗಿಯೇ ಕೊಟ್ಟಳು. ಎಲ್ಲ ಮುಗಿಯಿತು ಎಂದುಕೊಂಡೆ. ಆಗ ರೋಗದ ಸ್ಟೂಲಿನಿಂದ, ನಾನು ಎಂದೂ ಕಲಿಸದ ಒಂದು ಪ್ರಶ್ನೆ ಬಂತು.

"ಹ್ವಾದ ವರ್ಷ ನೀ ಎಲ್ಲಿದ್ದಿ?"

ಹುಡುಗಿ ಚೀಟಿ ತಿರುವಿದಳು. ನಕಲು ತಿರುವಿದಳು. ನನ್ನ ಮುಖ ನೋಡಿದಳು. ನಾನು ನೆಲ ನೋಡಿದೆ.

"ಇದರಾಗ ಬರದಿಲ್ರಿ, ಅಕ್ಕಾರ," ಎಂದಳು ಕಡೆಗೆ.

"ಇಲ್ಲ. ಬರದಿಲ್ಲ," ಎಂದಳು ಖಡಕಿಯವಳು. ಆಮೇಲೆ ಎದ್ದು ನಿಂತಳು.

"ಸೋತೆ."

ಕಪಾಟಿನ ಮೇಲಿಂದ ಬರಣಿ ಇಳಿಸಿದಳು. ಎಷ್ಟೋ ಕಾಲದಿಂದ ತೆಗೆಯದೆ ಮುಚ್ಚಳ ಬಿಗಿದಿತ್ತು, ಸೆರಗು ಸುತ್ತಿ ತಿರುವಿದಳು. ಬೆಲ್ಲ ಕರಗಿ ಗಟ್ಟಿಯಾಗಿ ಶೇಂಗಾದೊಂದಿಗೆ ಒಂದೇ ಮುದ್ದೆಯಾಗಿತ್ತು. ಔಷಧಿ ಅರೆಯುವ ಕಲ್ಲಿನಿಂದ ಅದನ್ನು ಒಡೆದು ಎಲ್ಲರ ಕೈಗೂ ಒಂದೊಂದು ಚೂರು ಹಾಕುತ್ತ ಬಂದಳು. ಆ ಹೆಂಗಸಿನ ಮೈದುನನಿಗೂ ಕೊಟ್ಟಳು. ಅವನಿಗೆ ಏನೂ ತಿಳಿಯದೆ, ದೇವರ ಪ್ರಸಾದವೆಂದು ಕಣ್ಣಿಗೊತ್ತಿಕೊಂಡ. ನನ್ನ ಚೂರು ನನ್ನ ಕೈಯಲ್ಲೇ ಇತ್ತು.

"ತಿನ್ರಿ, ಅಕ್ಕಾರ," ಎಂದಳು. "ಖರೇನ ಗೆದ್ದೈತಿ."

ತಿಂದೆ. ಶೇಂಗಾ ಕಮಟು ಹಿಡಿದಿತ್ತು. ಅವಳು ಆಗಲೇ ಕೈ ತೊಳೆದುಕೊಂಡು, ಆ ಹೆಂಗಸಿಗೆ ಕೊಡುವ ಮೊದಲ ಸೂಜಿಗೆ ನೀರು ಕುದಿಯಲು ಇಟ್ಟಿದ್ದಳು.